ಲೈಬ್ರರಿ ಕೌಂಟರ್: ಪೇಪರ್ ಬರೆದದ್ದು ನೀವು, ಹಕ್ಕು ಯಾರದು?

ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೂತು ಜರ್ನಲ್‌ಗಳ ಫಾರ್ಮ್ ಓದಿ ಓದಿ ಕನ್ನಡಕದ ನಂಬರ್ ಏರಿಸಿಕೊಂಡವಳು ನಾನು. ಈ ತಿಂಗಳ ಪತ್ರಗಳೆಲ್ಲ ಕಾಪಿರೈಟ್ ಬಗ್ಗೆಯೇ ಇವೆ.

ಪ್ರಶ್ನೆ: ಮೇಡಂ, ಪಶ್ಚಿಮ ಘಟ್ಟದ ಜರೀಗಿಡಗಳ ಮೇಲೆ ಪಿಎಚ್.ಡಿ ಮಾಡುತ್ತಿದ್ದೇನೆ. ಎರಡು ವರ್ಷದ ಹಿಂದೆ ನನ್ನ ಪೇಪರ್ ಒಂದು ವಿದೇಶಿ ಜರ್ನಲ್‌ನಲ್ಲಿ ಬಂತು. ಆ ಪಿಡಿಎಫ್ ಅನ್ನು ಸಂಶೋಧಕರ ಜಾಲತಾಣವೊಂದಕ್ಕೆ ಹಾಕಿದ್ದೆ. ಪ್ರಕಾಶಕರು ನೋಟಿಸ್ ಕಳಿಸಿ ತೆಗೆಸಿದರು. ಜಿಗಣೆ ಕಚ್ಚಿಸಿಕೊಂಡು ಫೋಟೋ ತೆಗೆದವಳು ನಾನು, ಅವರು ಒಂದು ರೂಪಾಯಿ ಕೊಟ್ಟಿಲ್ಲ. ನನ್ನ ಪೇಪರ್ ನನ್ನದೇ ಅಲ್ವಾ? ಥೀಸಿಸ್‌ನಲ್ಲಿ ಸೇರಿಸಿದರೂ ತಕರಾರು ಬರುತ್ತದಾ?
— ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಸಿಟ್ಟು ಸರಿ. ಆದರೆ ಪೇಪರ್ ಒಪ್ಪಿಕೊಂಡ ದಿನ ಒಂದು ಲಿಂಕ್ ಬಂದಿರುತ್ತದೆ, ನೀವು ಖುಷಿಯಲ್ಲಿ ಕೆಳಗಿನವರೆಗೆ ಎಳೆದು ಟಿಕ್ ಹಾಕಿರುತ್ತೀರಿ. ಅದೇ ಹಕ್ಕು ವರ್ಗಾವಣೆ. ಮೂವತ್ತು-ನಲವತ್ತರ ಸೈಟ್ ತಗೊಳ್ಳುವಾಗ ಕ್ರಯಪತ್ರವನ್ನು ವಕೀಲರಿಗೆ ತೋರಿಸುತ್ತೇವೆ. ಇದನ್ನು ಮಾತ್ರ ಗೈಡ್ ಕೂಡ ಓದುವುದಿಲ್ಲ.

ಬರೆದ ಕ್ಷಣಕ್ಕೆ ಹಕ್ಕು ಬರೆದವರದ್ದೇ. ಅದನ್ನು ಬೇರೆಯವರಿಗೆ ಕೊಡಬೇಕಾದರೆ ಬರವಣಿಗೆಯಲ್ಲಿ, ಸಹಿ ಹಾಕಿ ಕೊಡಬೇಕು. 1957ರ ನಮ್ಮ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ. ಎಷ್ಟು ವರ್ಷಕ್ಕೆ ಎಂದು ಬರೆದಿಲ್ಲದಿದ್ದರೆ ಆ ವರ್ಗಾವಣೆ 5 ವರ್ಷಕ್ಕೆ ಮಾತ್ರ. ಯಾವ ದೇಶಕ್ಕೆ ಎಂದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಇದನ್ನು ಓದಿ ಈಗಲೇ ಹಿಗ್ಗಬೇಡಿ. ದೊಡ್ಡ ಪ್ರಕಾಶಕರ ಫಾರ್ಮ್‌ನಲ್ಲಿ 'ಕಾಪಿರೈಟ್ ಇರುವಷ್ಟು ಕಾಲ, ಜಗತ್ತಿನಾದ್ಯಂತ' ಅಂತ ಇರುತ್ತದೆ. ಸಾಲದ್ದಕ್ಕೆ, ಅವರ ದೇಶದ ಕಾನೂನೇ ಅನ್ವಯ ಅಂತಲೂ ಇರುತ್ತದೆ. ಈ ಪಾಠ ಹೆಚ್ಚು ಉಪಯೋಗಕ್ಕೆ ಬರುವುದು ಅರ್ಧ ಪುಟದ ಫಾರ್ಮ್ ಕಳಿಸುವ ನಮ್ಮೂರ ಜರ್ನಲ್‌ಗಳ ವಿಷಯದಲ್ಲಿ.

ಈಗ ನಿಮ್ಮ ಲ್ಯಾಪ್‌ಟಾಪ್ ತೆಗೆಯಿರಿ. ಅದೇ ಪೇಪರ್ ಮೂರು ರೂಪದಲ್ಲಿ ಸಿಗಬೇಕು. ಮೊದಲು ಕಳಿಸಿದ ವರ್ಡ್ ಫೈಲ್. ರಿವ್ಯೂವರ್ ಹೇಳಿದ್ದನ್ನೆಲ್ಲ ತಿದ್ದಿ, ಸಂಪಾದಕರು 'ಸರಿ' ಅಂದ ಕೊನೆಯ ಫೈಲ್. ಆಮೇಲೆ ಜರ್ನಲ್‌ನ ಲೋಗೋ, ಎರಡು ಕಾಲಂ, ಪುಟಸಂಖ್ಯೆ ಇರುವ ಪಿಡಿಎಫ್. ನೋಟಿಸ್ ಬಂದದ್ದು ಮೂರನೆಯದಕ್ಕೆ. ಎರಡನೆಯದೇ ಚಿನ್ನ. ಅದನ್ನು ನಿಮ್ಮ ಸಂಸ್ಥೆಯ ಆನ್‌ಲೈನ್ ಭಂಡಾರದಲ್ಲಿ ಇಡಲು ಎಷ್ಟೋ ಪ್ರಕಾಶಕರು ಬಿಡುತ್ತಾರೆ, ಕೆಲವರು ಕೂಡಲೇ, ಕೆಲವರು 12 ಅಥವಾ 24 ತಿಂಗಳು ಕಾಯಿಸಿ. ಯಾವ ಜರ್ನಲ್‌ನದು ಯಾವ ನಿಯಮ ಎಂದು ನೋಡಲು ಓಪನ್ ಪಾಲಿಸಿ ಫೈಂಡರ್ (ಹಿಂದಿನ ಹೆಸರು ಶೆರ್ಪಾ ರೋಮಿಯೋ) ಎಂಬ ಉಚಿತ ಆನ್‌ಲೈನ್ ಪಟ್ಟಿ ಇದೆ. ನಿಮಗೆ ಎರಡು ವರ್ಷ ದಾಟಿದೆ, ಬಹುಶಃ ದಾರಿ ತೆರೆದಿದೆ. ಅಂದಹಾಗೆ ನಮ್ಮಲ್ಲಿ ಈ ಥರದ ಮೊದಲ ಭಂಡಾರ ಶುರುವಾದದ್ದು ಬೆಂಗಳೂರಿನ ಐಐಎಸ್‌ಸಿಯಲ್ಲೇ, 2002ರಲ್ಲಿ. ದುಃಖದ ಸಂಗತಿ ಏನೆಂದರೆ, ಆ ಎರಡನೇ ಫೈಲ್ ಕೇಳಿದರೆ ಜಾಸ್ತಿ ಜನ 'ಅಯ್ಯೋ, ಫಾರ್ಮ್ಯಾಟ್ ಮಾಡಿಸಿದಾಗ ಹೋಯ್ತು ಮೇಡಂ' ಅನ್ನುತ್ತಾರೆ.

ಥೀಸಿಸ್‌ಗೆ ಹೆದರಬೇಡಿ. ಬಹಳಷ್ಟು ಫಾರ್ಮ್‌ಗಳು ಲೇಖಕರಿಗೆ ಈ ಹಕ್ಕನ್ನು ಉಳಿಸಿರುತ್ತವೆ. ನಿಮ್ಮದರಲ್ಲಿ ಆ ಸಾಲು ಇದೆಯೇ ನೋಡಿ, ಮೊದಲು ಎಲ್ಲಿ ಪ್ರಕಟವಾಯಿತೆಂದು ಅಧ್ಯಾಯದಲ್ಲಿ ನಮೂದಿಸಿ. ಥೀಸಿಸ್ ಶೋಧಗಂಗಾ ಎಂಬ ದೇಶದ ಥೀಸಿಸ್‌ಗಳ ಆನ್‌ಲೈನ್ ಭಂಡಾರಕ್ಕೆ ಹೋಗಿ ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಅಲ್ಲಿಯೂ ಎರಡನೇ ಫೈಲಿನ ಪಠ್ಯವೇ ಇರಲಿ. ಇನ್ನು ನೀವು ಕಂಡುಹಿಡಿದ ಸಂಗತಿ ಯಾರ ಸೊತ್ತೂ ಅಲ್ಲ. ಕಾಪಿರೈಟ್ ಇರುವುದು ಬರೆದ ರೀತಿಗೆ, ಚಿತ್ರಕ್ಕೆ. ಅದೇ ಜರೀಗಿಡದ ಬಗ್ಗೆ ಕನ್ನಡದಲ್ಲಿ ಹೊಸದಾಗಿ ಬರೆಯಿರಿ, ಪೇಪರ್‌ಗೆ ಕಳಿಸದೆ ಉಳಿದ ಫೋಟೋಗಳನ್ನು ಹಾಕಿ. ಯಾರೂ ಕೇಳಲಾರರು.

ಪ್ರಶ್ನೆ: ಜಾನಪದದ ಬಗ್ಗೆ ಇಂಗ್ಲಿಷ್‌ನಲ್ಲಿ ಲೇಖನ ಬರೆದಿದ್ದೇನೆ. ಜರ್ನಲ್‌ನವರು 'ಸಿಸಿ ಬೈ' ಅಥವಾ 'ಸಿಸಿ ಬೈ-ಎನ್‌ಸಿ-ಎನ್‌ಡಿ' ಆರಿಸಿ ಅನ್ನುತ್ತಿದ್ದಾರೆ. ಮೊದಲನೆಯದು ಹಾಕಿದರೆ ಯಾರೋ ಪುಸ್ತಕ ಮಾಡಿ ಮಾರಿಬಿಡುತ್ತಾರೆ ಅಂತ ಸಹೋದ್ಯೋಗಿಗಳು ಹೆದರಿಸುತ್ತಿದ್ದಾರೆ.
— ಸಹಾಯಕ ಪ್ರಾಧ್ಯಾಪಕ, ಶಿವಮೊಗ್ಗ

ಉತ್ತರ: ಸಿಸಿ ಎಂದರೆ ಕ್ರಿಯೇಟಿವ್ ಕಾಮನ್ಸ್, ಬರಹವನ್ನು ಬೇರೆಯವರು ಹೇಗೆ ಬಳಸಬಹುದೆಂದು ಮೊದಲೇ ಹೇಳಿಬಿಡುವ ಸಿದ್ಧ ಲೈಸೆನ್ಸ್. ಬೈ ಅಂದರೆ ಬರೆದವರ ಹೆಸರು ಹಾಕಬೇಕು, ಎನ್‌ಸಿ ಅಂದರೆ ವ್ಯಾಪಾರಕ್ಕೆ ಬಳಸಬಾರದು. ಬರೀ ಬೈ ಇದ್ದರೆ ಮಾರಬಹುದು, ನಿಜ. ನಿಮ್ಮ ಹೆಸರು ಹಾಕಿ, ಲೈಸೆನ್ಸ್ ತಿಳಿಸಿ ಮಾರಬಹುದು. ಆದರೆ ಉಚಿತವಾಗಿ ಸಿಗುವ ಲೇಖನವನ್ನು ದುಡ್ಡು ಕೊಟ್ಟು ಕೊಳ್ಳುವವರು ಎಷ್ಟು ಜನ ಸರ್?

ನನಗೆ ಚಿಂತೆ ಆಗುವುದು ಎನ್‌ಡಿ ಬಗ್ಗೆ. ಬದಲಾಯಿಸಿ ಹಂಚಬಾರದು ಎಂದು ಅದರರ್ಥ, ಅನುವಾದವೂ ಅದರೊಳಗೇ ಬಂತು. ಕನ್ನಡದ ಹಾಡುಗಳ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆದು, ರಾಯಚೂರಿನ ಹುಡುಗಿಯೊಬ್ಬಳು ಅದನ್ನು ಕನ್ನಡಕ್ಕೆ ತಂದು ಪ್ರಕಟಿಸಲು ಅಪ್ಪಣೆ ಕೇಳುವ ಹಾಗೆ ಮಾಡಬೇಕಾ? ವಿಕಿಪೀಡಿಯಕ್ಕೂ ಎನ್‌ಸಿ, ಎನ್‌ಡಿ ಇರುವ ಬರಹ ಆಗಿಬರುವುದಿಲ್ಲ. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಿಟ್ಟುಕೊಟ್ಟಿತು. ಅಷ್ಟು ದೊಡ್ಡ ಸಂಸ್ಥೆ ಕೊಟ್ಟದ್ದನ್ನು ನಾವು ಒಂದು ಲೇಖನಕ್ಕೆ ಹಿಂಜರಿಯುವುದು ಚೆಂದವಲ್ಲ. ನನ್ನ ಮತ ಸಿಸಿ ಬೈಗೆ.

ಒಂದೇ ತಡೆ. ಹಾಡಿದವರ ಧ್ವನಿ, ಫೋಟೋ ಲೇಖನದ ಜೊತೆ ಹೋಗುತ್ತಿದ್ದರೆ ಅವರನ್ನು ಕೇಳಿದ್ದೀರಾ? ಹಾಡುಗಾರರಿಗೆ ತಮ್ಮ ಹಾಡಿಕೆಯ ಮೇಲೆ ಕಾಯ್ದೆಯಲ್ಲೇ ಪ್ರತ್ಯೇಕ ಹಕ್ಕಿದೆ. ಸಿಸಿ ಲೈಸೆನ್ಸ್ ಒಮ್ಮೆ ಕೊಟ್ಟರೆ ವಾಪಸ್ ಪಡೆಯಲಾಗದು. ಹಾಡಿದ ಅಜ್ಜಿ ಒಪ್ಪದಿದ್ದರೆ ಆ ರೆಕಾರ್ಡಿಂಗ್ ಹೊರಗಿಡಿ, ಅಥವಾ ಅದು ಈ ಲೈಸೆನ್ಸ್‌ಗೆ ಸೇರಿಲ್ಲ ಎಂದು ಅದರ ಪಕ್ಕದಲ್ಲೇ ಬರೆಯಿಸಿ.

ಪ್ರಶ್ನೆ: ಎಂ.ಎ. ಮಕ್ಕಳಿಗೆ ನಾಲ್ಕೈದು ಪುಸ್ತಕಗಳ ಅಧ್ಯಾಯ ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸುತ್ತೇವೆ. ಕೇಸ್ ಆಗುತ್ತದೆ ಅಂತಾರಲ್ಲ?
— ಉಪನ್ಯಾಸಕಿ, ಹಾಸನ

ಉತ್ತರ: ಆಗಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು ಸೇರಿ ದೆಹಲಿ ವಿಶ್ವವಿದ್ಯಾಲಯದ ಮೇಲೂ ಅದರ ಆವರಣದ ರಾಮೇಶ್ವರಿ ಜೆರಾಕ್ಸ್ ಅಂಗಡಿ ಮೇಲೂ ದಾವೆ ಹೂಡಿದ್ದರು. 2016ರಲ್ಲಿ ದೆಹಲಿ ಹೈಕೋರ್ಟ್ ಪ್ರಕಾಶಕರ ವಾದ ಒಪ್ಪಲಿಲ್ಲ. ಪಾಠಕ್ಕಾಗಿ ಪ್ರತಿ ಮಾಡಲು ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ, ಪುಟಕ್ಕೆ ಮಿತಿ ಇಲ್ಲ, ಪಾಠಕ್ಕೆ ಎಷ್ಟು ಅಗತ್ಯ ಅನ್ನುವುದೇ ಅಳತೆ ಎಂದಿತು. 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದರಲ್ಲಿ ಕೈಹಾಕಲಿಲ್ಲ. ಸಿಲಬಸ್ ಪ್ರತಿಯನ್ನು ಸ್ಪೈರಲ್‌ನ ಮೊದಲ ಪುಟವಾಗಿ ಸೇರಿಸಿ, ಒಳ್ಳೆಯದು. ಇಡೀ ಪುಸ್ತಕವನ್ನೇ ಎತ್ತಿ ಹೊರಗಿನವರಿಗೆ ಮಾರಿದರೆ ಮಾತ್ರ ಈ ತೀರ್ಪು ನಿಮ್ಮ ಕೈ ಹಿಡಿಯುವುದಿಲ್ಲ.

ಪ್ರಶ್ನೆ: 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಬಂತಲ್ಲ, ನಮ್ಮ ಖಾಸಗಿ ಕಾಲೇಜಿಗೆ ಯಾಕೆ ಜರ್ನಲ್ ತೆರೆಯುತ್ತಿಲ್ಲ?
— ಓದುಗ, ಕಲಬುರಗಿ

ಉತ್ತರ: 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟದ್ದು ಕೇಂದ್ರ, ರಾಜ್ಯ ಸರ್ಕಾರಗಳ ಸಂಸ್ಥೆಗಳಿಗೆ. ಅದು ಜರ್ನಲ್ ಓದಲು ಸರ್ಕಾರ ಒಟ್ಟಾಗಿ ಕೊಟ್ಟ ಚಂದಾ, ಎಲ್ಲರಿಗೂ ಉಚಿತವಾಗಿ ತೆರೆದಿಡುವ ಓಪನ್ ಆಕ್ಸೆಸ್ ಅಲ್ಲ. ನೀವು ಪೇಪರ್‌ನ ಶೀರ್ಷಿಕೆ ಹಾಕಿ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ, 'ಆಲ್ ವರ್ಷನ್ಸ್' ಒತ್ತಿ. ಮೇಲೆ ಹೇಳಿದ ಎರಡನೇ ಫೈಲ್ ಎಲ್ಲಾದರೂ ಇದ್ದರೆ ಅಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಲೇಖಕರಿಗೇ ಎರಡು ಸಾಲಿನ ಮೇಲ್ ಹಾಕಿ. ತಮ್ಮ ಪೇಪರ್ ಯಾರೋ ಓದುತ್ತಾರೆ ಅಂದರೆ ಖುಷಿಯಿಂದ ಕಳಿಸುವವರೇ ಜಾಸ್ತಿ.