ಲೈಡಾರ್ ನಕ್ಷೆ ಎಷ್ಟು ಸರಿಯಿದೆ ಅಂತ ಅಳೆಯುವುದು ಹೇಗೆ?

ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸೆನ್ಸರ್) ಹೊತ್ತ ರೋಬಾಟ್ ಓಡಾಡಿ ಮಾಡಿದ ಕಾರಿಡಾರಿನ ನಕ್ಷೆಯನ್ನು ಕಟ್ಟಡದ ಪ್ಲಾನ್ ಮೇಲೆ ಇಟ್ಟರೆ ದೂರದ ತುದಿ ಅರ್ಧ ಮೀಟರ್ ಆಚೆ ಹೋಗುತ್ತಿದೆ, ನಕ್ಷೆ ಪೂರ್ತಿ ತಪ್ಪಾ ಅಂತ ಕೇಳಿದ್ದೀರಿ. ಹಾಗೇನಿಲ್ಲ. ಶುರುವಿನ ತಿರುವಿನಲ್ಲಿ ಒಂದು ಡಿಗ್ರಿ ತಪ್ಪಿದರೂ ಸಾಕು, 30 ಮೀಟರ್ ಆಚೆಯ ಗೋಡೆ ಸುಮಾರು 52 ಸೆಂಟಿಮೀಟರ್ ಸರಿದಿರುತ್ತದೆ. ತಿರುವಿನ ಮುಂದಿನ ಭಾಗ ತನ್ನಷ್ಟಕ್ಕೆ ಸರಿಯಾಗಿಯೇ ಇರಬಹುದು. ಪ್ಲಾನ್ ಮೇಲಿಟ್ಟು ಅಳೆದಾಗ ಅದೇ ಒಂದು ತಪ್ಪು ಮತ್ತೆ ಮತ್ತೆ ಲೆಕ್ಕಕ್ಕೆ ಬರುತ್ತದೆ. ಅದು ನ್ಯಾಯ ಅಲ್ಲ, ಅಲ್ವಾ?

ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಇದಕ್ಕೇ ಬೇರೆ ದಾರಿ ತೋರಿಸಿದರು. ರೋಬಾಟ್ ನಿಂತ ಜಾಗಗಳನ್ನು ಎರಡೆರಡಾಗಿ ತೆಗೆದುಕೊಂಡು, ಅವುಗಳ ನಡುವಿನ ದೂರ ಮತ್ತು ಕೋನವನ್ನು ಮಾತ್ರ ನಿಜದ ಅಳತೆಗೆ ಹೋಲಿಸುವುದು. ನನಗೆ ಇದೇ ಸರಿ ಅನಿಸುತ್ತದೆ. ದೂರದ ತಪ್ಪು, ಕೋನದ ತಪ್ಪು ಎರಡನ್ನೂ ಬೇರೆ ಬೇರೆ ಬರೆದಿಡಿ, ಕೂಡಿಸಬೇಡಿ.

ನೀವು ಲೇಸರ್ ಮೀಟರ್ ಹಿಡಿದು ಬಾಗಿಲ ಚೌಕಟ್ಟು, ಕಂಬಗಳ ನಡುವಿನ ದೂರವನ್ನು ಅಳೆದು, ನಕ್ಷೆಯಲ್ಲಿನ ಅದೇ ದೂರಕ್ಕೆ ಹೋಲಿಸಿ. ಹತ್ತಿರದ ಜೋಡಿಗಳು ಸರಿ ಬಂದು ದೂರದವು ಮಾತ್ರ ತಪ್ಪಿದರೆ ಸೆನ್ಸರ್ ಚೆನ್ನಾಗಿದೆ, ತಪ್ಪು ಜಮೆಯಾಗುತ್ತಿರುವುದು ದಾರಿಯಲ್ಲಿ. ರೋಬಾಟ್ ಸುತ್ತಿ ಮತ್ತೆ ಬಂದ ಜಾಗದಲ್ಲಿ ಗೋಡೆ ಎರಡು ಗೆರೆಯಾಗಿ ಕಂಡರೂ ಅದೇ ಅರ್ಥ. ಪ್ಲಾನನ್ನು ಸುಮ್ನೆ ನಂಬಬೇಡಿ, ಕಟ್ಟುವಾಗ ಗೋಡೆ ಆಚೀಚೆ ಆಗಿರುವುದು ಜಾಸ್ತಿ.