ಅಜ್ಜಿಯನ್ನು ಮೆಲ್ಬರ್ನ್‌ಗೆ ಕರೆತರುವ ಗದಗಿನ ತಂಗಿಗೆ

ತಂಗಿ, ನಿನ್ನ ಪ್ರಶ್ನೆ ಓದಿದೆ. ಕೆಲಸ ಸಿಕ್ಕಿ ಗದಗಿನಿಂದ ಮೆಲ್ಬರ್ನ್‌ಗೆ ಬರುತ್ತಿದ್ದೀಯ, ಜೊತೆಗೆ 78 ವರ್ಷದ ಅಜ್ಜಿಯನ್ನೂ ಕರೆತರುತ್ತಿದ್ದೀಯ. ಇಲ್ಲಿ ನಿನ್ನ ಅತ್ತೆ ಇದ್ದಾರೆ, ಕಾಕಾ ಇದ್ದಾರೆ. ವೀಸಾ ಹೇಗೆ, ವಿಮಾನದಲ್ಲಿ ಅಜ್ಜಿ ತಡೆದುಕೊಳ್ಳುತ್ತಾರಾ, ಏನೇನು ತರಬಹುದು, ಎಷ್ಟು ತಿಂಗಳು ಇರಿಸಿಕೊಳ್ಳಬೇಕು ಅಂತ ಕೇಳಿದ್ದೀಯ. ನಾನೂ ನಮ್ಮ ಆಯಿಯನ್ನು, ಅಂದರೆ ಅವ್ವನ ಅವ್ವನನ್ನು, ಧಾರವಾಡದಿಂದ ಹೀಗೇ ಕರೆತಂದವಳು.

ವೀಸಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಿಸಿಟರ್ ವೀಸಾ, ಸಬ್‌ಕ್ಲಾಸ್ 600. 75 ದಾಟಿದವರಿಗೆ ಮೆಡಿಕಲ್ ಟೆಸ್ಟ್ ಇರುತ್ತದೆ. ಅಜ್ಜಿಯ ಹೆಸರು ಆಧಾರ್‌ನಲ್ಲಿ ಒಂದು ಥರ, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಥರ ಇದ್ದರೆ ಮೊದಲು ಅದನ್ನು ಸರಿ ಮಾಡಿಸು. ನಮ್ಮ ಕಡೆ ಅಡ್ಡಹೆಸರಿನ ಕಥೆ ನಿನಗೆ ಗೊತ್ತೇ ಇದೆ. ವೀಸಾ ಪತ್ರದಲ್ಲಿ 8503 ಅನ್ನುವ ಷರತ್ತು ಇದ್ದರೆ ಇಲ್ಲಿ ಕೂತು ಮುಂದುವರಿಸಲು ಬರುವುದಿಲ್ಲ. ಇನ್ಶೂರೆನ್ಸ್ ಇಲ್ಲದೆ ಮಾತ್ರ ಹೊರಡಬೇಡ. ಇಲ್ಲಿನ ಸರ್ಕಾರಿ ಮೆಡಿಕೇರ್ ಭಾರತದಿಂದ ಬರುವ ಪ್ರವಾಸಿಗರಿಗೆ ಸಿಗುವುದಿಲ್ಲ.

ರಾತ್ರಿ ರೈಲಿಗೆ ಬೆಂಗಳೂರಿಗೆ ಬಂದು ಅದೇ ದಿನ ವಿಮಾನ ಹತ್ತಿಸಬೇಡ. ಒಂದು ದಿನ ಮಲಗಿ ಏಳಲಿ. ವ್ಹೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡುವಾಗಲೇ ಹೇಳು, ಅದಕ್ಕೆ ದುಡ್ಡಿಲ್ಲ. ಅಜ್ಜಿ ಒಪ್ಪಲಿಕ್ಕಿಲ್ಲ. "ನನಗೇನ ಧಾಡಿ ಆಗೇತಿ?" ಅಂತ ನಮ್ಮ ಆಯಿ ಜಗಳವನ್ನೇ ತೆಗೆದಿದ್ದಳು. ಸಿಂಗಪುರದ ಏರ್‌ಪೋರ್ಟ್ ಎಷ್ಟು ಉದ್ದ ಅಂತ ನೋಡಿದ ಮೇಲೆ ಸುಮ್ಮನೆ ಕೂತಳು. ಟಾಯ್ಲೆಟ್‌ಗೆ ಹೋಗುವಾಗ ಒಂದು ಬಾಟಲಿ ನೀರು ಕೈಯಲ್ಲಿ ಕೊಡು, ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಫ್ಲಶ್ ಸದ್ದಿನ ಬಗ್ಗೆಯೂ ಮೊದಲೇ ಹೇಳಿಡು. ಆಯಿ ಹೆದರಿ ಹೊರಗೆ ಓಡಿಬಂದಿದ್ದಳು.

ಧಾರವಾಡ ಪೇಡೆ ತರಬೇಡ. ಹಾಲಿನ ಸಿಹಿಯನ್ನು ಇಲ್ಲಿ ಒಳಗೆ ಬಿಡುವುದಿಲ್ಲ. ನಾನು ಮೊದಲ ಸಲ ಬಂದಾಗ ಲೈನ್ ಬಜಾರಿನಿಂದ ತಂದ ಡಬ್ಬಿ ಹಾಗೆಹಾಗೇ ಕಸದ ಬುಟ್ಟಿ ಸೇರಿತು. ಕರಿಬೇವು, ಪತ್ರಿ, ವೀಳ್ಯದೆಲೆ, ಹೂವು ಯಾವುದೂ ಬೇಡ. ಅಜ್ಜಿಯ ಸಂಚಿಯನ್ನು ನೀನೇ ಬಿಚ್ಚಿ ನೋಡು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದರೆ ಇಳಿಯುವಾಗ ತುಂಬುವ ಫಾರ್ಮಿನಲ್ಲಿ ತಿನ್ನುವ ಪದಾರ್ಥ ಇದೆ ಅಂತ ಬರೆ. ಬರೆದರೆ ನೋಡಿ, ಬೇಡದ್ದನ್ನು ಇಟ್ಟುಕೊಳ್ಳುತ್ತಾರೆ ಅಷ್ಟೇ. ಮುಚ್ಚಿಟ್ಟರೆ ದಂಡ ಬೀಳುತ್ತದೆ. ಮಾತ್ರೆ ಮೂರು ತಿಂಗಳಿಗೆ ಆಗುವಷ್ಟು ತರಬಹುದು, ಡಾಕ್ಟರ್ ಚೀಟಿ ಜೊತೆಗಿರಲಿ.

ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಚಳಿಗಾಲ, ಜೂನ್‌ನಲ್ಲಿ ಐದೂಕಾಲಿಗೆಲ್ಲ ಹೊತ್ತು ಮುಳುಗಿರುತ್ತದೆ. ನವೆಂಬರ್ ಆದ ಮೇಲೆ ಬನ್ನಿ. ಡಿಸೆಂಬರ್‌ನಲ್ಲಿ ರಾತ್ರಿ ಎಂಟೂವರೆ ದಾಟಿದರೂ ಹೊತ್ತು ಮುಳುಗುವುದಿಲ್ಲ. ಆಯಿ ಬತ್ತಿ ಹೊಸೆದಿಟ್ಟುಕೊಂಡು ದೀಪ ಹಚ್ಚಲು ಕಾಯುತ್ತಾ ಕೂರುತ್ತಿದ್ದಳು. "ಈ ಸೂರ್ಯಗ ಮನಿಗೆ ಹೋಗೂ ಮನಸ ಇಲ್ಲೇನ?" ಅನ್ನುತ್ತಿದ್ದಳು.

ಇನ್ನೊಂದು ವಿಷಯ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ.

ನಮ್ಮ ದೊಡ್ಡವ್ವ ಮದುವೆಯಾದ ಹೊಸದರಲ್ಲೇ ಇಲ್ಲಿಗೆ ಬಂದವಳು. ಅಜ್ಜ ತೀರಿಕೊಂಡಾಗ ಅವಳಿಗೆ ಊರಿಗೆ ಹೋಗಲು ಆಗಿರಲಿಲ್ಲ. ಏರ್‌ಪೋರ್ಟ್‌ನಲ್ಲಿ ಆಯಿ ಅಳಲಿಲ್ಲ. ಮಗಳ ಬೈತಲೆಯ ಮೇಲೆ ಕೈಯಾಡಿಸಿ "ಕೂದಲಾ ಇಷ್ಟ ಬೆಳ್ಳಗಾಗ್ಯಾವು, ಮೊಬೈಲಿನ್ಯಾಗ ಕಾಣಲೇ ಇಲ್ಲಲ್ಲ" ಅಂದಳು. ಅತ್ತದ್ದು ನಾವೆಲ್ಲ.

ದೊಡ್ಡವ್ವನ ಮನೆ ಮೆಲ್ಬರ್ನ್‌ನ ಪಶ್ಚಿಮಕ್ಕೆ ಟಾರ್ನೀಟ್‌ನಲ್ಲಿ, ಮಾಮಾನ ಮನೆ ಪೂರ್ವಕ್ಕೆ ಗ್ಲೆನ್ ವೇವರ್ಲಿಯಲ್ಲಿ. ಹೆಚ್ಚುಕಡಿಮೆ ಹುಬ್ಬಳ್ಳಿಯಿಂದ ಗದಗಿನಷ್ಟು ದೂರ. ಇಬ್ಬರಿಗೂ ಅವ್ವ ಬೇಕು. ಅದಕ್ಕೇ ಪಾಳಿ ಹಾಕಿದರು. ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ, ಭಾನುವಾರ ಬದಲಿ. ಅದರಲ್ಲಿ ಯಾರದೂ ತಪ್ಪು ಅನ್ನಲಾರೆ. ಆದರೆ ಆಯಿ ಬ್ಯಾಗು ಖಾಲಿ ಮಾಡುವುದನ್ನೇ ಬಿಟ್ಟಳು. ಇಳಕಲ್ ಸೀರೆ ಬ್ಯಾಗಿನಿಂದ ತೆಗೆದು ಉಡುವುದು, ಒಗೆದು ಮಡಚಿ ಮತ್ತೆ ಅದರಲ್ಲೇ ಇಡುವುದು. ಬೆಳಗ್ಗೆ ಎದ್ದು "ಇವತ್ತ ಯಾರ ಮನ್ಯಾಗ ಅದೀನಿ?" ಅಂತ ಕೇಳುತ್ತಿದ್ದಳು. ಮರೆವು ಶುರುವಾಗಿರಬೇಕು, ಡಾಕ್ಟರಿಗೆ ತೋರಿಸೋಣ ಅಂತಲೂ ಮಾತಾಯಿತು. ಮರೆವೇನೂ ಅಲ್ಲ. ಇಲ್ಲಿನ ಮನೆಗಳೇ ಹಾಗೆ. ಎರಡೂ ಕಡೆ ಅದೇ ಕಿಟಕಿ, ಅದೇ ಮರದ ಬೇಲಿ.

ಮೊದಮೊದಲು ತಾಯಿ ಮಗಳ ನಡುವೆ ಮಾತೇ ಹೊರಡುತ್ತಿರಲಿಲ್ಲ. ಊಟ ಆಯಿತಾ, ಚಳಿ ಆಗುತ್ತಾ, ಅಷ್ಟೇ. ಇಷ್ಟು ವರ್ಷ ಫೋನಿನಲ್ಲಿ ಆಡಿದ್ದೂ ಅವೇ ಮಾತು. ಒಂದು ಮಧ್ಯಾಹ್ನ ಇಬ್ಬರೂ ಹಿತ್ತಲಿನಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದರು. ಆಯಿ ತಾನಾಗಿಯೇ ಅಜ್ಜನ ಕೊನೆಯ ರಾತ್ರಿಯ ಮಾತು ತೆಗೆದಳು. ನಿದ್ದೆ ಇಲ್ಲದೆ ಹೊರಳಾಡಿದ್ದು, ನೀರು ಕೇಳಿದ್ದು, ಆಮೇಲೆ ಯಾರದೋ ಹೆಸರು ಹಿಡಿದು ಕರೆದದ್ದು. ದೊಡ್ಡವ್ವ ಸುಲಿಯುವುದನ್ನು ನಿಲ್ಲಿಸಿದಳು. ಅಷ್ಟರಲ್ಲಿ ಮಾಮಾನ ಕಾರು ಬಂತು. ಅವತ್ತು ಭಾನುವಾರ. "ಉಳಿದದ್ದು ಬಂದ ಮ್ಯಾಲೆ ಹೇಳ್ತೀನಿ ತಗೋ" ಅಂತ ಆಯಿ ಸೆರಗಿನ ಸಿಪ್ಪೆ ಕೊಡವಿ ಎದ್ದಳು.

ತಿರುಗಿ ಬಂದಾಗ ಮನೆ ತುಂಬ ಜನ, ಆಮೇಲೆ ಊರಿಗೆ ಹೊರಡುವ ಗಡಿಬಿಡಿ. ಮುಂದಿನ ವರ್ಷ ನಾನೇ ಧಾರವಾಡಕ್ಕೆ ಹೋಗಿ ಕೇಳುತ್ತೇನೆ ಅಂದಳು ದೊಡ್ಡವ್ವ. 2020ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾ ಗಡಿ ಮುಚ್ಚಿತು. ಇಲ್ಲಿನವರು ದೇಶ ಬಿಟ್ಟು ಹೋಗಬೇಕಾದರೂ ಅನುಮತಿ ಬೇಕಿತ್ತು. 2021ರ ನವೆಂಬರ್‌ನಲ್ಲಿ ಅದು ಸಡಿಲವಾಗುವ ಹೊತ್ತಿಗೆ ಆಯಿ ಇರಲಿಲ್ಲ. ಅಪ್ಪ ಯಾರ ಹೆಸರು ಕರೆದ ಅಂತ ನಿನಗೇನಾದರೂ ಹೇಳಿದ್ದಳಾ ಅಂತ ದೊಡ್ಡವ್ವ ಈಗಲೂ ನನ್ನನ್ನು ಕೇಳುತ್ತಾಳೆ. ನಮ್ಮವ್ವನಿಗೂ ಗೊತ್ತಿಲ್ಲ. ಆ ರಾತ್ರಿ ಅಜ್ಜನ ಹತ್ತಿರ ಇದ್ದದ್ದು ಆಯಿ ಒಬ್ಬಳೇ.

ಅದಕ್ಕೇ ಹೇಳುತ್ತೇನೆ, ಎರಡು ತಿಂಗಳಿರಲಿ, ಆರು ತಿಂಗಳಿರಲಿ, ಅಜ್ಜಿ ಒಂದೇ ಮನೆಯಲ್ಲಿ ಇರಲಿ. ಬಂದ ದಿನವೇ ಸೀರೆಗಳನ್ನು ಕಪಾಟಿನಲ್ಲಿ ಜೋಡಿಸು. ಕಾಕಾ ಶನಿವಾರ ಹೆಂಡತಿ ಮಕ್ಕಳ ಜೊತೆ ಅತ್ತೆ ಮನೆಗೇ ಬಂದು ಉಳಿಯಲಿ. ಪೆಂಗ್ವಿನ್ ತೋರಿಸುವುದು, ಗ್ರೇಟ್ ಓಷನ್ ರೋಡ್ ಸುತ್ತಿಸುವುದು ಎಲ್ಲ ನಿಧಾನಕ್ಕೆ ಆಗಲಿ. ಟಿಕೆಟ್ ಮಾಡುವ ಮೊದಲೇ ಈ ಮಾತು ಮುಗಿಸಿಕೊ. ನೀನು ಚಿಕ್ಕವಳು, ನೀನೇ ಹೇಳಿದರೆ ಕಾಕಾ ಬೇಜಾರು ಮಾಡಿಕೊಳ್ಳಬಹುದು. ನಿಮ್ಮ ಅಪ್ಪನ ಕೈಲಿ ಫೋನ್ ಮಾಡಿಸು. ಅಣ್ಣ ಹೇಳಿದ ಮೇಲೆ ಅವರು ತೆಗೆದುಹಾಕಲಿಕ್ಕಿಲ್ಲ.