ಮಗನಿಗೆ ಗೊತ್ತಾಗದ ಹಾಗೆ ಅವನ ಮೆಸೇಜ್ ನೋಡೋಕೆ ಯಾವ ಆ್ಯಪ್ ಒಳ್ಳೇದು?

ಮಗ ಎಂಟನೇ ಕ್ಲಾಸು, ವಯಸ್ಸು 13, ರಾತ್ರಿ ರಗ್ಗಿನೊಳಗೆ ಫೋನ್ ಇಟ್ಕೊಂಡಿರ್ತಾನೆ, ಕೇಳಿದ್ರೆ ‘ಏನಿಲ್ಲ’ ಅಂತಾನೆ ಅಂತ ಬರೆದಿದ್ದೀರಿ. ತಿಪಟೂರು ಕಡೆ ನನ್ನದೊಂದು ಮೊಬೈಲ್ ಅಂಗಡಿ ಇದೆ. ಇದೇ ಮಾತನ್ನು ಕೌಂಟರಿಗೆ ಒರಗಿಕೊಂಡು, ದನಿ ತಗ್ಗಿಸಿ ಕೇಳೋ ಅಪ್ಪ ಅಮ್ಮಂದಿರು ಆಗಾಗ ಬರ್ತಾನೇ ಇರ್ತಾರೆ.

ನಾನು ಹಾಕಿಕೊಡಲ್ಲ. ಕದ್ದು ನೋಡೋ ಆ್ಯಪ್‌ಗಳು ಹೆಚ್ಚಿನವು ಪ್ಲೇ ಸ್ಟೋರಿನಲ್ಲಿ ಸಿಗಲ್ಲ. ಎಲ್ಲಿಂದಲೋ ಎಪಿಕೆ (ಆ್ಯಪ್‌ನ ಫೈಲು) ಇಳಿಸಿ, ಕೆಟ್ಟ ಆ್ಯಪ್‌ಗಳನ್ನು ತಡೆಯೋ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಹಾಕಬೇಕು. ಮಗನ ಫೋಟೊ, ಮಾತು, ಓಡಾಟ ಎಲ್ಲ ಮೊದಲು ಯಾರದೋ ಸರ್ವರಿಗೆ ಹೋಗಿ, ಆಮೇಲೆ ನಿಮಗೆ ಬರುತ್ತೆ.

ಬೇಕಾದ್ರೆ ಮಕ್ಕಳ ಫೋನಿನ ಮೇಲೆ ಅಪ್ಪ ಅಮ್ಮ ಕಣ್ಣಿಡೋ ಗೂಗಲ್ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹಾಕಿ. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟು ಗಂಟೆಗೆ ಲಾಕ್, ಹೊಸ ಆ್ಯಪ್‌ಗೆ ನಿಮ್ಮ ಒಪ್ಪಿಗೆ, ಇಷ್ಟು ನಿಮ್ಮ ಕೈಲಿರುತ್ತೆ. ಮೆಸೇಜು ಕಾಣಲ್ಲ. ಇನ್‌ಸ್ಟಾಗ್ರಾಂ ಇದ್ರೆ ಅದರಲ್ಲಿ ಹುಟ್ಟಿದ ವರ್ಷ ಏನು ಕೊಟ್ಟಿದ್ದಾನೆ ಅಂತ ಮೊದಲು ನೋಡಿ. ಸರಿಯಾಗಿದ್ರೆ ಅದು ಟೀನ್ ಅಕೌಂಟ್, ಅಂದ್ರೆ ಹದಿಹರೆಯದವರ ಅಕೌಂಟ್ ಆಗಿರುತ್ತೆ, ಗುರುತಿಲ್ಲದವರು ಸುಮ್ಮಸುಮ್ಮನೆ ಮೆಸೇಜ್ ಹಾಕೋಕಾಗಲ್ಲ. ನಮ್ಮ ಕಡೆ ಹುಡುಗರು ಹಾಕೋದು 2000, 2001. ಅಲ್ಲಿಗೆ ಆ ರಕ್ಷಣೆಯೆಲ್ಲ ಹೋಯ್ತು. ವಾಟ್ಸಾಪ್ ಪ್ರೈವೆಸಿಯಲ್ಲಿ ಗ್ರೂಪ್ಸ್ ಅನ್ನೋದನ್ನು ‘ಮೈ ಕಾಂಟ್ಯಾಕ್ಟ್ಸ್’ ಮಾಡಿ, ಗುರುತಿಲ್ಲದವರು ಅವನನ್ನು ಗ್ರೂಪಿಗೆ ಸೇರಿಸೋಕಾಗಲ್ಲ.

ಇಷ್ಟೆಲ್ಲ ಹತ್ತು ನಿಮಿಷದ ಕೆಲಸ. ಕಷ್ಟ ಇರೋದು ಬೇರೆ ಕಡೆ.

ಒಂದು ಸಂಜೆ ಯೂನಿಫಾರ್ಮಿನಲ್ಲೇ ಒಬ್ಬ ಹುಡುಗ ಬಂದ. ‘ಅಣ್ಣಾ, ಕ್ಯಾಶ್ ಕೊಡ್ತೀನಿ, ಈ ಕ್ಯೂಆರ್‌ಗೆ ಮೂರು ಸಾವಿರ ಹಾಕ್ತೀರಾ?’ ಅಂದ. ನೋಟುಗಳು ನಾಲ್ಕು ಮಡಿಕೆ ಆಗಿದ್ವು, ಕೊಬ್ಬರಿ ವಾಸನೆ ಹೊಡೀತಿತ್ತು. ಅವರಪ್ಪನ ಜೇಬಿನದು ಅಂತ ಕೇಳದೇ ಗೊತ್ತಾಯ್ತು. ಸ್ಕ್ಯಾನ್ ಮಾಡಿದ್ರೆ ಉತ್ತರ ಭಾರತದ ಕಡೆಯ ಯಾವುದೋ ಹೆಸರು. ‘ಯಾರಪ್ಪಾ ಇವರು?’ ಅಂದೆ. ಉತ್ತರ ಇಲ್ಲ. ಟೆಂಪರ್ಡ್ ಗ್ಲಾಸಿನ ಡಬ್ಬ ನೋಡ್ತಾ ನಿಂತ. ಅಷ್ಟರಲ್ಲಿ ಅವನ ಕೈಲಿದ್ದ ಫೋನಿಗೆ ಟಣ್ ಟಣ್ ಅಂತ ಒಂದರ ಮೇಲೊಂದು ಮೆಸೇಜು. ಕೈ ನಡುಗ್ತಿತ್ತು. ಒಳಗೆ ಸ್ಟೂಲ್ ಹಾಕಿ ಕೂರಿಸಿ, ನೀರು ಕೊಟ್ಟ ಮೇಲೆ ಬಾಯಿ ಬಿಟ್ಟ. ಹುಡುಗಿ ಹೆಸರಿನ ಅಕೌಂಟು, ನಾಲ್ಕು ದಿನದ ಸ್ನೇಹ, ಒಂದು ವಿಡಿಯೊ ಕಾಲ್. ಅದನ್ನು ರೆಕಾರ್ಡ್ ಮಾಡಿಕೊಂಡು, ಇವನ ಫಾಲೋವರ್‌ಗಳ ಪಟ್ಟಿ ಇಟ್ಕೊಂಡು, ಅವರಿಗೆಲ್ಲ ಕಳಿಸ್ತೀವಿ ಅಂತ ಹೆದರಿಸಿ ದುಡ್ಡು ಕೇಳ್ತಿದ್ದಾರೆ. ಆಗಲೇ ಎರಡು ಸಲ ಕೊಟ್ಟಾಗಿತ್ತು.

ನನಗೆ ನಾಟಿದ್ದು ಅವನು ಹೇಳಿದ ಒಂದೇ ಮಾತು. ‘ವಿಡಿಯೊ ಬಂದ್ರೂ ಪರವಾಗಿಲ್ಲ ಅಣ್ಣಾ, ಅಪ್ಪನಿಗೆ ಗೊತ್ತಾಗಬಾರದು.’

ಆ ಕಡೆಯವನು ದುಡಿಮೆ ಮಾಡ್ತಿರೋದು ಈ ಭಯದ ಮೇಲೇ. ಹಾಗಾಗಿ ನಿಮ್ಮ ಮಗನಿಗೆ ಇವತ್ತೇ, ಏನೂ ಆಗದೇ ಇರುವಾಗಲೇ ಹೇಳಿಬಿಡಿ: ‘ಏನೇ ಎಡವಟ್ಟು ಮಾಡಿಕೊಂಡ್ರೂ ನನಗೆ ಹೇಳು. ಹೊಡೆಯಲ್ಲ, ಫೋನ್ ಕಿತ್ಕೊಳ್ಳಲ್ಲ.’ ಎರಡನೇದು ಮುಖ್ಯ. ಹೊಡೆತಕ್ಕಿಂತ ಫೋನ್ ಹೋಗೋದಕ್ಕೆ ಅವರು ಜಾಸ್ತಿ ಹೆದರ್ತಾರೆ. ಹೇಳಿದ ಮೇಲೆ ಮಾತು ತಪ್ಪಬೇಡಿ.

ಅವತ್ತು ನಾವು ಮಾಡಿದ್ದು ಹೀಗೆ. ದುಡ್ಡು ಹಾಕಲಿಲ್ಲ, ಹಾಕಿದಷ್ಟೂ ಮತ್ತೆ ಕೇಳ್ತಾರೆ. ಚಾಟ್ ಅಳಿಸಲಿಲ್ಲ. ಯೂಸರ್‌ನೇಮ್, ಯುಪಿಐ ಐಡಿ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೆದು, ರಿಪೋರ್ಟ್ ಮಾಡಿ, ಆಮೇಲೆ ಬ್ಲಾಕ್ ಮಾಡಿದ್ವಿ. ಹೋದ ದುಡ್ಡಿಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು. ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್ಲಿನಲ್ಲಿ ದೂರು. ಟೇಕ್ ಇಟ್ ಡೌನ್ ಅಂತ ಅಮೆರಿಕದ ಒಂದು ಉಚಿತ ಸೇವೆ ಇದೆ, 18ರೊಳಗಿನವರ ಚಿತ್ರಗಳಿಗೇ ಅಂತ ಮಾಡಿದ್ದು. ಫೋಟೊನೋ ವಿಡಿಯೊನೋ ನಮ್ಮ ಫೋನಲ್ಲೇ ಉಳಿಯುತ್ತೆ, ಅದರ ಬೆರಳಚ್ಚಿನಂಥ ಒಂದು ಕೋಡ್ ಮಾತ್ರ ಹೋಗುತ್ತೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥವು ಆ ಕೋಡ್ ಇಟ್ಕೊಂಡು ಹುಡುಕಿ ತೆಗೀತಾರೆ. ಆದ್ರೆ ಮೂಲ ಪ್ರತಿ ನಮ್ಮ ಹತ್ರ ಇರಬೇಕು, ಆ ಹುಡುಗನ ಹತ್ರ ಇರಲಿಲ್ಲ.

ಅವರಪ್ಪನನ್ನು ಅಂಗಡಿಗೇ ಕರೆಸಿದೆ. ಬಂದವರು ಮೊದಲು ಕೈ ಎತ್ತಿದ್ರು, ಮಗನ ಮುಖ ನೋಡಿ ಇಳಿಸಿದ್ರು. ಆಮೇಲೆ ಅವರ ಚಿಂತೆ ‘ಹುಡುಗನ್ನ ಸ್ಟೇಷನ್ ಮೆಟ್ಟಿಲು ಹತ್ತಿಸಬೇಕಲ್ಲ’ ಅನ್ನೋದು. ಹತ್ತಿಸಲೇಬೇಕು ಅಂತಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡೋ 2012ರ ಪೋಕ್ಸೊ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಹೇಳಿದ ಜಾಗದಲ್ಲೋ ತಗೋಬೇಕು, ಆಗ ಪೊಲೀಸರು ಯೂನಿಫಾರ್ಮಿನಲ್ಲಿ ಇರೋ ಹಾಗಿಲ್ಲ. ಈ ಕಾಯ್ದೆ ಗಂಡುಮಕ್ಕಳಿಗೂ ಅನ್ವಯಿಸುತ್ತೆ. ಅದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಮಗು ತೀರಾ ಹೆದರಿದ್ರೆ 1098, ಮಕ್ಕಳ ಸಹಾಯವಾಣಿ.

ಇನ್ನೆರಡು ಸಣ್ಣ ವಿಷಯ. ನಿಮ್ಮ ಯುಪಿಐ ಪಿನ್ ಮಗನ ಹುಟ್ಟಿದ ವರ್ಷ ಆಗಿದ್ರೆ ಈಗಲೇ ಬದಲಾಯಿಸಿ. ಸ್ವಂತ ಹುಟ್ಟಿದ ವರ್ಷ ಅವನಿಗೆ ಗೊತ್ತಿರಲ್ವಾ?

ಮತ್ತೆ ಅಜ್ಜಿ ಫೋನು. ಮಗನ ಫೋನಿಗೆ ಸಾವಿರ ಬೀಗ ಹಾಕಿಸಿಕೊಂಡು ಹೋದವರ ಮನೆಯ ಅಜ್ಜಿಯೊಬ್ಬರು ಬ್ಯಾಟರಿ ನಿಲ್ಲಲ್ಲ ಅಂತ ಫೋನ್ ತಂದಿದ್ರು. ಯೂಟ್ಯೂಬ್ ಹಿಸ್ಟರಿ ತೆಗೆದೆ: ದೇವರನಾಮ, ದೇವರನಾಮ, ಫ್ರೀ ಫೈರ್ ಅನ್ನೋ ಗುಂಡು ಹಾರಿಸೋ ಗೇಮು, ಫ್ರೀ ಫೈರ್, ರಾತ್ರಿ ಒಂದೂವರೆಗೆ ಇನ್ನೊಂದು ಫ್ರೀ ಫೈರ್, ಬೆಳಗ್ಗೆ ಸುಪ್ರಭಾತ.